ಆಫಾನ ಲೆಕ್ಕದಲ್ಲಿ ವೋಚರ್ ಇದೆ, ಲೆಡ್ಜರ್ ಇಲ್ಲ

ಹೋದ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ಭಾನುವಾರ ಬೆಳಿಗ್ಗೆ ಅಳಿಯ, "ಮಾವ, ಕೋಟೆ ಅರಮನೆ ಎಲ್ಲ ನೋಡಿದ್ದಾಯ್ತು, ಇವತ್ತು ಒಂದು ಮಣ್ಣಿನ ದಿಬ್ಬ ನೋಡ್ಕೊಂಡು ಬರೋಣ" ಅಂದ. ತಮಾಷೆ ಮಾಡ್ತಿದ್ದಾನೆ ಅಂದುಕೊಂಡೆ. ಬುತ್ತಿ ಕಟ್ಟಿಕೊಂಡು ಎರಡು ಗಂಟೆ ಕಾರಿನಲ್ಲಿ ಹೋದೆವು. ಇಂಗ್ಲೆಂಡ್ ಮುಗಿದು ವೇಲ್ಸ್ ಶುರುವಾಗುವ ಕಡೆ ನೈಟನ್ ಅಂತ ಒಂದು ಪುಟ್ಟ ಊರು. ವೆಲ್ಷ್ ಭಾಷೆಯಲ್ಲಿ ಆ ಊರಿಗೆ ಬೇರೆ ಹೆಸರಿದೆ, ಅದರ ಅರ್ಥ 'ಒಡ್ಡಿನ ಮೇಲಿನ ಊರು' ಅಂತ.

ಊರು ದಾಟಿ ಗುಡ್ಡ ಹತ್ತಿದೆವು. ಹುಲ್ಲು, ಕುರಿ, ಕುರಿ ಹಿಕ್ಕೆ. ಆಮೇಲೆ ಕಾಣಿಸಿತು. ಆಳೆತ್ತರದ ಮಣ್ಣಿನ ಏರಿ, ಅದರ ಪಶ್ಚಿಮಕ್ಕೆ ತುಂಬಿಹೋದ ಕಂದಕ. ಗುಡ್ಡ ಹತ್ತಿ ಇಳಿದು, ಮತ್ತೊಂದು ಗುಡ್ಡ ಹತ್ತಿ, ಕಣ್ಣಿಗೆ ಕಾಣುವವರೆಗೂ ಅದೇ. ನಮ್ಮನೆಯವಳು ಸೊಂಟದ ಮೇಲೆ ಕೈಯಿಟ್ಟು ನಿಂತು, "ರೀ, ಇದು ನಮ್ಮೂರ ಕೆರೆ ಏರಿ ಥರಾನೇ ಇದೆ. ನೀರೆಲ್ಲಿ?" ಅಂದಳು.

ನೀರಿಲ್ಲ. ಅದು ಜನರನ್ನು ತಡೆಯೋಕೆ ಹಾಕಿದ ಏರಿ. ಹಾಕಿಸಿದವನು ಆಫಾ ಎಂಬ ರಾಜ. ಕಾಲ ಎಂಟನೇ ಶತಮಾನ. ಇಂಗ್ಲೆಂಡ್ ಅನ್ನೋ ದೇಶ ಇನ್ನೂ ಆಗಿರಲಿಲ್ಲ. ಮಧ್ಯದಲ್ಲಿ ಮರ್ಸಿಯಾ, ದಕ್ಷಿಣದಲ್ಲಿ ವೆಸೆಕ್ಸ್, ಉತ್ತರದಲ್ಲಿ ನಾರ್ತಂಬ್ರಿಯಾ, ಆಚೆ ಈಚೆ ಕೆಂಟ್, ಸಸೆಕ್ಸ್, ಈಸ್ಟ್ ಆಂಗ್ಲಿಯಾ. ಮರ್ಸಿಯಾವನ್ನು ಆಫಾ 757ರಿಂದ 796ರವರೆಗೆ ಆಳಿದ. 39 ವರ್ಷ! ಆ ಕಾಲದ ಬ್ರಿಟನ್ನಿನಲ್ಲಿ ಅವನಷ್ಟು ಗಟ್ಟಿ ರಾಜ ಇನ್ನೊಬ್ಬನಿರಲಿಲ್ಲ. ಆದರೂ ನಾನು ಅವನ ಹೆಸರು ಕೇಳಿದ್ದು ಅವತ್ತೇ, 63ನೇ ವಯಸ್ಸಿನಲ್ಲಿ, ಚಪಾತಿ ಪಲ್ಯ ತಿನ್ನುತ್ತಾ.

ಆಲ್‌ಫ್ರೆಡ್ ಹೆಸರು ಮಾತ್ರ ಶಾಲೆಯಿಂದಲೇ ಗೊತ್ತು. 'ಆಲ್‌ಫ್ರೆಡ್ ದ ಗ್ರೇಟ್', ವೆಸೆಕ್ಸ್‌ನ ರಾಜ. ರೊಟ್ಟಿ ಸೀಯಿಸಿ ಹೆಂಗಸಿನ ಕೈಲಿ ಬೈಸಿಕೊಂಡ ಕಥೆ ಸಮೇತ ಗೊತ್ತು. ಅವನು ಆಫಾ ಸತ್ತು ಐವತ್ತು ವರ್ಷದ ಮೇಲೆ ಹುಟ್ಟಿದವನು. ಊರಿಗೆ ಬಂದ ಮೇಲೆ ನಾಲ್ಕು ತಿಂಗಳು ಇದೇ ಗುಂಗು. ಸಿಕ್ಕಿದ್ದನ್ನೆಲ್ಲ ಓದಿದೆ. ಈಗ ನನ್ನ ತಕರಾರು ಬರೀತೀನಿ. ಉದ್ದ ಇದೆ, ಬೇಜಾರಾದರೆ ಮುಂದೆ ಹೋಗಿ.

ನಾನು ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವನು. ನಮ್ಮ ಕೆಲಸದಲ್ಲಿ ವೋಚರ್ ಬೇರೆ, ಲೆಡ್ಜರ್ ಬೇರೆ. ವೋಚರ್ ವ್ಯವಹಾರ ನಡೆದ ಹೊತ್ತಿನದು. ಲೆಡ್ಜರ್ ಆಮೇಲೆ ಯಾರೋ ಕೂತು ಬರೆದದ್ದು. ಆಫಾನ ಲೆಡ್ಜರನ್ನು ಬರೆದವರು ಯಾರು ಅಂತ ನೋಡಿದರೆ ತಮಾಷೆಯಾಗಿದೆ.

ಅವನ ಕಡೆಯ ಬರಹಗಾರ ಒಬ್ಬನೂ ಇಲ್ಲ. ಇಂಗ್ಲಿಷರ ಮೊದಲ ದೊಡ್ಡ ಇತಿಹಾಸಕಾರ ಬೀಡ್ 735ರಲ್ಲೇ ತೀರಿಕೊಂಡಿದ್ದ. ಆಫಾ ಕಾನೂನು ಮಾಡಿದ್ದ, ಅದು ಕಳೆದುಹೋಗಿದೆ. ಮಾಡಿದ್ದ ಅಂತ ಗೊತ್ತಾಗೋದೂ ಆಲ್‌ಫ್ರೆಡ್‌ನಿಂದಲೇ. ತನ್ನ ಕಾನೂನಿನ ಮುನ್ನುಡಿಯಲ್ಲಿ, ಮರ್ಸಿಯಾದ ಆಫಾನ ಕಾಲದ್ದನ್ನೂ ನೋಡಿ, ನ್ಯಾಯ ಅನ್ನಿಸಿದ್ದನ್ನು ತೆಗೆದುಕೊಂಡೆ ಅಂತ ಅವನು ಹೇಳುತ್ತಾನೆ. ಏರಿಯ ಕಥೆಯೂ ಹಾಗೇ. ಸಮುದ್ರದಿಂದ ಸಮುದ್ರದವರೆಗೆ ಆಫಾ ಒಡ್ಡು ಹಾಕಿಸಿದ ಅಂತ ಮೊದಲು ಬರೆದಿಟ್ಟವನು ಆಸರ್. ಬರೆದದ್ದು 893ರಲ್ಲಿ, ಆಫಾ ಸತ್ತು ಸುಮಾರು ನೂರು ವರ್ಷಕ್ಕೆ. ಈ ಆಸರ್ ವೇಲ್ಸಿನ ಪಾದ್ರಿ, ಆಲ್‌ಫ್ರೆಡ್‌ನ ಆಸ್ಥಾನದಲ್ಲಿ ಕೂತು ಆಲ್‌ಫ್ರೆಡ್‌ನ ಜೀವನಚರಿತ್ರೆ ಬರೆಯುತ್ತಿದ್ದವನು. ಹೊಗಳುಭಟ್ಟ ಅನ್ನೋಕೆ ಮನಸ್ಸು ಬರಲ್ಲ, ಚೆನ್ನಾಗಿ ಬರೀತಾನೆ. ಆದರೆ ಅವನ ಸಂಬಳ ಯಾವ ಖಾತೆಯಿಂದ ಹೋಗುತ್ತಿತ್ತು ಅನ್ನೋದು ನೆನಪಿರಬೇಕು.

ಈಗ ಕೇಳಿ. ಆಲ್‌ಫ್ರೆಡ್‌ನ ತಾತ ಎಗ್ಬರ್ಟ್. ಅವನನ್ನು ದೇಶ ಬಿಡಿಸಿ ಓಡಿಸಿದ್ದು ಯಾರು? ವೆಸೆಕ್ಸ್‌ನ ರಾಜ ಬಿಯೋರ್ಟ್ರಿಕ್ ಮತ್ತು ಅವನ ಮಾವ ಆಫಾ, ಇಬ್ಬರೂ ಸೇರಿ. ಅಂದರೆ ಆಫಾನ ಕಥೆಯನ್ನು ನಮಗೆ ಹೇಳುತ್ತಿರೋದು ಅವನು ಓಡಿಸಿದವನ ಮೊಮ್ಮಗನ ಆಸ್ಥಾನ.

ಆ ಮಗಳ ಕಥೆ ನೋಡಿ. ಎಡ್‌ಬರ್ಹ್ ಅವಳ ಹೆಸರು, 789ರಲ್ಲಿ ಬಿಯೋರ್ಟ್ರಿಕ್‌ನನ್ನು ಮದುವೆಯಾದಳು. ಅಪ್ಪನ ಥರಾನೇ ದಬ್ಬಾಳಿಕೆ ನಡೆಸಿದಳು ಅಂತ ಆಸರ್ ಬರೆಯುತ್ತಾನೆ. ಗಂಡನಿಗೆ ಬೇಕಾದ ಒಬ್ಬ ಹುಡುಗನಿಗೆ ವಿಷ ಇಟ್ಟಳಂತೆ, ಅದನ್ನು ಗಂಡನೂ ತಿಂದು ಸತ್ತನಂತೆ. ಗಂಟು ಕಟ್ಟಿಕೊಂಡು ಸಮುದ್ರ ದಾಟಿ, ಆಚೆ ಕಡೆಯ ಚಕ್ರವರ್ತಿ ಶಾರ್ಲಮೇನ್ ಹತ್ತಿರ ಹೋದಳಂತೆ. ಅವನು ಮಗನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ನಮ್ಮಿಬ್ಬರಲ್ಲಿ ಯಾರು ಬೇಕು ಅಂತ ಕೇಳಿದ. ಮಗ ಚಿಕ್ಕವನು, ಅವನೇ ಇರಲಿ ಅಂದಳು. ನನ್ನನ್ನು ಆರಿಸಿದ್ದರೆ ಮಗನನ್ನು ಕೊಡುತ್ತಿದ್ದೆ, ಅವನನ್ನು ಆರಿಸಿದ್ದಕ್ಕೆ ಇಬ್ಬರೂ ಇಲ್ಲ ಅಂದನಂತೆ ಚಕ್ರವರ್ತಿ. ಒಂದು ಸನ್ಯಾಸಿನಿಯರ ಮಠ ಕೊಟ್ಟ. ಅಲ್ಲಿ ಯಾವನದೋ ಜೊತೆ ಸಿಕ್ಕಿಬಿದ್ದು ಹೊರಗೆ ಬಿದ್ದಳು. ಕೊನೆಗೆ ಇಟಲಿಯ ಪಾವಿಯಾದಲ್ಲಿ ಭಿಕ್ಷೆ ಬೇಡುತ್ತಾ ಸತ್ತಳು. ಇವಳ ದೆಸೆಯಿಂದಲೇ ವೆಸೆಕ್ಸ್‌ನಲ್ಲಿ ರಾಜನ ಹೆಂಡತಿಯನ್ನು ರಾಣಿ ಅಂತ ಕರೆಯೋದಿಲ್ಲ ಅಂತ ಆಸರ್ ಷರಾ ಬೇರೆ ಹಾಕುತ್ತಾನೆ.

ಇದನ್ನೆಲ್ಲ ನಿನಗೆ ಯಾರಪ್ಪ ಹೇಳಿದ್ದು ಅಂದರೆ, ಸತ್ಯವಂತನಾದ ನನ್ನ ಒಡೆಯ ಆಲ್‌ಫ್ರೆಡ್ ಅಂತ ಅವನೇ ಬರೆದುಕೊಂಡಿದ್ದಾನೆ! ಬಿಯೋರ್ಟ್ರಿಕ್ ಸತ್ತ ಮೇಲೆ ಸಿಂಹಾಸನ ಸಿಕ್ಕಿದ್ದು ಯಾರಿಗೆ? ಎಗ್ಬರ್ಟ್‌ಗೆ. ಎದುರು ಪಾರ್ಟಿ ಬರೆದ ಎಂಟ್ರಿ ಇದು. ವೋಚರ್ ಇಲ್ಲದೆ ನಾನಾಗಿದ್ದರೆ ಪಾಸ್ ಮಾಡುತ್ತಿರಲಿಲ್ಲ.

ಹಾಗಾದರೆ ಆಫಾನ ವೋಚರ್ ಎಲ್ಲಿ? ನಾಣ್ಯದಲ್ಲಿ.

ಅವನ ಬೆಳ್ಳಿ ಪೆನ್ನಿ ನಮ್ಮ ಹಳೆಯ 25 ಪೈಸೆಗಿಂತ ಚೂರು ಚಿಕ್ಕದು, ಅದಕ್ಕಿಂತ ತೆಳ್ಳಗೆ. ತೂಕ ಒಂದೂಕಾಲು ಗ್ರಾಂ ಆಸುಪಾಸು. ಇದನ್ನು ಅವನೊಬ್ಬನೇ ಕಂಡುಹಿಡಿದ ಅಂತ ನಾನು ಹೇಳ್ತಿಲ್ಲ. ಕೆಂಟ್‌ನ ಸಣ್ಣ ರಾಜರೂ ಅದೇ ಕಾಲಕ್ಕೆ ಹಾಕಿಸಿದ್ದರು. ಆದರೆ ಅದನ್ನು ಊರೂರಿಗೆ ಓಡಾಡುವ ದುಡ್ಡು ಮಾಡಿದವನು ಆಫಾ. ಕೆಲವು ನಾಣ್ಯಗಳ ಮೇಲೆ ಅವನ ಮುಖವಿದೆ, ತಲೆತುಂಬ ಸುರುಳಿ ಕೂದಲು. ಅಚ್ಚು ಹಾಕಿದವನ ಹೆಸರೂ ಇರುತ್ತದೆ. ತೂಕ ಕಡಿಮೆ ಬಂದರೆ ಯಾರ ಕತ್ತಿಗೆ ಬರಬೇಕು ಅನ್ನೋದು ನಾಣ್ಯದ ಮೇಲೇ ಬರೆದಿದೆ. ಕ್ಯಾಶಿಯರ್ ಆದವನಿಗೆ ಇದು ಎಷ್ಟು ಇಷ್ಟವಾಗುತ್ತೆ ಅಂತ ಹೇಳಬೇಕಿಲ್ಲ. ಈಯೋಬಾ ಎಂಬ ಅಂಥ ಒಬ್ಬ ಟಂಕಸಾಲೆಯವನು ಕ್ಯಾಂಟರ್ಬರಿಯಲ್ಲಿ ಆಫಾನ ಹೆಂಡತಿ ಕಿನೆಥ್ರಿತ್ ಹೆಸರಿನಲ್ಲೂ ನಾಣ್ಯ ಹಾಕಿದ. 'ರೆಜಿನಾ' ಅಂತಲೇ ಇದೆ, ಅಂದರೆ ರಾಣಿ. ಆಂಗ್ಲೋ-ಸ್ಯಾಕ್ಸನ್ ಕಾಲದಲ್ಲಿ ತನ್ನ ಹೆಸರಿನ ನಾಣ್ಯ ಕಂಡ ರಾಣಿ ಅವಳೊಬ್ಬಳೇ. ಮಗಳಿಗೆ ವೆಸೆಕ್ಸ್‌ನವರು ರಾಣಿ ಅನ್ನೋ ಹೆಸರನ್ನೇ ಅಳಿಸಿದರು, ಅಮ್ಮನಿಗೆ ಅದು ಬೆಳ್ಳಿಯಲ್ಲಿ ಉಳಿದಿದೆ.

ಒಂದು ಪೌಂಡಿಗೆ 240 ಪೆನ್ನಿ ಅನ್ನೋದು ಆ ಕಾಲದ ಲೆಕ್ಕ. ಬ್ರಿಟಿಷರು ಅದನ್ನು ಬಿಟ್ಟದ್ದು 1971ರಲ್ಲಿ. ನಾವು 1957ರಲ್ಲೇ ಆಣೆ ಬಿಟ್ಟು ನಯಾಪೈಸೆಗೆ ಬಂದಿದ್ದೆವು, ಅವರಿಗಿಂತ 14 ವರ್ಷ ಮುಂಚೆ! ಅದೇ 1971ರಲ್ಲಿ ನೈಟನ್‌ನಲ್ಲಿ ಆಫಾನ ಏರಿಯ ಗುಂಟ ನಡೆಯೋ ದಾರಿ ಉದ್ಘಾಟನೆಯಾಯಿತು, 285 ಕಿಲೋಮೀಟರ್. ನಾವು ನಡೆದದ್ದು ಅದರಲ್ಲಿ ಮೂರು. ಮಂಡಿನೋವು.

ಇನ್ನೊಂದು ನಾಣ್ಯದ ವಿಷಯಕ್ಕೆ ಬರ್ತೀನಿ. ನನ್ನ ನಾಲ್ಕು ತಿಂಗಳ ನಿದ್ದೆ ಕೆಡಿಸಿದ್ದು ಅದೇ. ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಚಿನ್ನದ್ದು, 4.28 ಗ್ರಾಂ. ಫೋಟೋ ತೆಗೆದು ನೋಡಿದರೆ ಪೂರ್ತಿ ಅರಬ್ಬಿ ಬರಹ. ಬಾಗ್ದಾದಿನ ಖಲೀಫ ಅಲ್-ಮನ್ಸೂರ್‌ನ ದಿನಾರಿನ ನಕಲು. ಅಲ್ಲಾಹುವಿನ ಹೊರತು ದೇವರಿಲ್ಲ, ಮಹಮ್ಮದ್ ಅವನ ದೂತ ಅನ್ನೋ ಸಾಲುಗಳು. ಹಿಜರಿ 157 ಅಂತ ವರ್ಷವನ್ನೂ ಬಿಡದೆ ಇಳಿಸಿದ್ದಾರೆ, ನಮ್ಮ ಲೆಕ್ಕದಲ್ಲಿ 773-74. ಆ ಸಾಲುಗಳ ಮಧ್ಯೆ ಲ್ಯಾಟಿನ್ ಅಕ್ಷರದಲ್ಲಿ 'ಆಫಾ ರೆಕ್ಸ್'. ರಾಜ ಆಫಾ. ಅದೂ ತಲೆಕೆಳಗಾಗಿ!

ಓದೋಣ ಅಂತ ಫೋನ್ ತಿರುಗಿಸಿದೆ, ಚಿತ್ರವೂ ತಿರುಗಿತು. ಮತ್ತೆ ತಿರುಗಿಸಿದೆ, ಅದೂ ಮತ್ತೆ ತಿರುಗಿತು. ಕೊನೆಗೆ ಮೊಮ್ಮಗಳು ಬಂದು ಆಟೋ ರೊಟೇಟ್ ಆಫ್ ಮಾಡಿಕೊಟ್ಟಳು. ಹೆಸರು ನೆಟ್ಟಗೆ ಮಾಡಿಕೊಂಡರೆ ಅರಬ್ಬಿ ತಲೆಕೆಳಗು, ಅರಬ್ಬಿ ನೆಟ್ಟಗೆ ಮಾಡಿದರೆ ರಾಜ ತಲೆಕೆಳಗು. ಅಚ್ಚು ಕೊರೆದವನಿಗೆ ಅರಬ್ಬಿ ಬರುತ್ತಿರಲಿಲ್ಲ, ಯಾವುದು ಮೇಲೆ ಯಾವುದು ಕೆಳಗೆ ಅಂತಲೂ ಗೊತ್ತಿರಲಿಲ್ಲ. ಅಕ್ಷರಗಳಲ್ಲಿ ತಪ್ಪುಗಳಿವೆ. ಆದರೆ ಚಿನ್ನ ಚಿನ್ನವೇ. ಆಫಾ ಪೋಪ್‌ಗೆ ವರ್ಷಕ್ಕೆ 365 ಮಂಕಸ್ ಎಂಬ ಚಿನ್ನದ ನಾಣ್ಯ ಕಳುಹಿಸುತ್ತೇನೆ ಅಂತ ಮಾತು ಕೊಟ್ಟಿದ್ದ, ದಿನಕ್ಕೊಂದರಂತೆ, ಬಡವರಿಗೆ ಮತ್ತು ದೀಪದೆಣ್ಣೆಗೆ. ಅದರಲ್ಲಿ ಒಂದು ಇದಿರಬಹುದು ಅಂತ ಕೆಲವರು, ಅಲ್ಲ, ವ್ಯಾಪಾರದ್ದು ಅಂತ ಕೆಲವರು. ನನ್ನ ಓಟು ವ್ಯಾಪಾರಕ್ಕೆ. ಪೋಪ್ ಮುಂದೆ ಕಲಮಾ ಬರೆದ ಚಿನ್ನ ಸುರಿಯೋ ಚಿತ್ರ ಮಜವಾಗಿದೆ ನಿಜ. ಆದರೆ ಖಲೀಫನ ದಿನಾರು ಎಂದರೆ ಎಲ್ಲರೂ ಕಣ್ಣು ಮುಚ್ಚಿ ತಗೊಳ್ಳೋ ಹಣ. ಅದರ ಮಾರುಕಟ್ಟೆ ಮರ್ಯಾದೆ ಆಫಾಗೆ ಬೇಕಿತ್ತು, ಮೇಲೆ ತನ್ನ ಹೆಸರೂ ಬೇಕಿತ್ತು.

ಹೆಸರಿನ ಆಸೆ ಈ ಮನುಷ್ಯನಿಗೆ ಜಾಸ್ತಿಯೇ. ಶಾರ್ಲಮೇನ್ ಜೊತೆಗಿನ ಬೀಗತನ ನೋಡಿ. ಅವನು ಯೂರೋಪಿನ ಅರ್ಧಕ್ಕೆ ಒಡೆಯ. ತನ್ನ ಮಗ ಚಾರ್ಲ್ಸ್‌ಗೆ ಆಫಾನ ಮಗಳನ್ನು ಕೇಳಿದ. ಬೇರೆಯವರಾಗಿದ್ದರೆ ಆರತಿ ಎತ್ತಿ ಕೊಡುತ್ತಿದ್ದರು. ಆಫಾ, ಹಾಗಾದರೆ ನಿನ್ನ ಮಗಳು ಬರ್ತಾಳನ್ನು ನನ್ನ ಮಗನಿಗೆ ಕೊಡು ಅಂದ. ನಮ್ಮ ಕಡೆ ಕೊಟ್ಟು ತರೋದು ಅಂತೀವಲ್ಲ, ಅದು. ಶಾರ್ಲಮೇನ್‌ಗೆ ಸಿಟ್ಟು ನೆತ್ತಿಗೇರಿತು, ಇಂಗ್ಲಿಷ್ ವರ್ತಕರಿಗೆ ತನ್ನ ಬಂದರುಗಳನ್ನೇ ಮುಚ್ಚಿಸಿದ. ಮದುವೆ ಮಾತು ಮುರಿದದ್ದಕ್ಕೆ ಹಡಗುಗಳು ನಿಂತವು!

ಆಮೇಲೆ ರಾಜಿಯಾಯಿತು. 796ರಲ್ಲಿ ಶಾರ್ಲಮೇನ್ ಬರೆದ ಕಾಗದ ಉಳಿದಿದೆ. 'ಸಹೋದರ' ಅಂತ ಶುರು. ಒಂದು ಬೆಲ್ಟು, ಒಂದು ಕತ್ತಿ, ಎರಡು ರೇಷ್ಮೆ ನಿಲುವಂಗಿ ಕಳುಹಿಸಿದ್ದಾನೆ. ಯಾತ್ರಿಕರ ವೇಷದಲ್ಲಿ ಸುಂಕ ತಪ್ಪಿಸುವ ವರ್ತಕರ ಬಗ್ಗೆ ದೂರು ಇದೆ. ನೀನು ಕೇಳಿದ ಕಪ್ಪು ಕಲ್ಲು ಎಷ್ಟುದ್ದ ಬೇಕು ಹೇಳಿಕಳುಹಿಸು ಅಂತಿದೆ. ಜೊತೆಗೆ, ನಿಮ್ಮ ಕಡೆಯಿಂದ ಬರೋ ಕಂಬಳಿಗಳ ಅಳತೆ ಮೊದಲಿನಂತೆ ಇರೋ ಹಾಗೆ ನೋಡಿಕೋ ಅಂತಲೂ ಇದೆ. ಇಬ್ಬರು ಮಹಾರಾಜರು ಕಂಬಳಿ ಉದ್ದದ ಬಗ್ಗೆ ಮಾತಾಡಿದ್ದಾರೆ. ಇಂಥ ಕಾಗದ ಒಂದಿದ್ದರೆ ಹತ್ತು ಹೊಗಳಿಕೆ ಪುಸ್ತಕಕ್ಕಿಂತ ಮೇಲು ಅನ್ನೋದು ನನ್ನ ಅಭಿಪ್ರಾಯ.

ಇಷ್ಟು ಹೇಳಿದೆ ಅಂತ ಆಫಾ ಒಳ್ಳೆಯವನು, ಪಾಪ ಅನ್ಯಾಯವಾಯಿತು ಅಂದುಕೊಳ್ಳಬೇಡಿ. ಅವನ ಹಿಂದಿನ ರಾಜ ಏಥೆಲ್ಬಾಲ್ಡ್ 41 ವರ್ಷ ಆಳಿ, ರಾತ್ರಿ ಹೊತ್ತು ತನ್ನ ಕಾವಲಿನವರ ಕೈಯಲ್ಲೇ ಸತ್ತಿದ್ದ. ನಡುವೆ ಬಂದ ಬಿಯೋರ್ನ್‌ರೆಡ್ ಎಂಬವನನ್ನು ಅದೇ ವರ್ಷ ಓಡಿಸಿ ಆಫಾ ಪಟ್ಟಕ್ಕೆ ಬಂದ. ಅಂದರೆ ಪಟ್ಟ ಹೇಗೆ ಹೋಗುತ್ತೆ ಅಂತ ಚೆನ್ನಾಗಿ ಗೊತ್ತಿತ್ತು. ತನ್ನ ನಂತರ ಮಗ ಎಗ್‌ಫ್ರಿತ್ ಒಬ್ಬನೇ ಇರಬೇಕು ಅಂತ ಹಟ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜೊತೆ ಸರಿಹೋಗಲಿಲ್ಲ. ಸರಿ, ತನ್ನ ನೆಲದಲ್ಲೇ, ಲಿಚ್‌ಫೀಲ್ಡ್‌ನಲ್ಲಿ, ಇನ್ನೊಬ್ಬ ಆರ್ಚ್‌ಬಿಷಪ್‌ನನ್ನು ಮಾಡಿಸಿದ. 787ರಲ್ಲಿ ತಾನು ಬದುಕಿರುವಾಗಲೇ ಮಗನಿಗೆ ಅಭಿಷೇಕ. 794ರಲ್ಲಿ ಈಸ್ಟ್ ಆಂಗ್ಲಿಯಾದ ರಾಜ ಎಥೆಲ್ಬರ್ಟ್‌ನ ತಲೆ ತೆಗೆಸಿದ. ಸತ್ತವನು ಸಂತನಾದ, ಹೆರಿಫರ್ಡ್‌ನ ದೊಡ್ಡ ಚರ್ಚಿಗೆ ಇವತ್ತಿಗೂ ಅವನ ಹೆಸರಿದೆ. ಆಮೇಲಿನ ಕಥೆಗಾರರು ತಪ್ಪನ್ನು ಹೆಂಡತಿ ಕಿನೆಥ್ರಿತ್ ತಲೆಗೆ ಕಟ್ಟಿದರು. ಎಲ್ಲ ಕಡೆ ಅದೇ ಅಲ್ವಾ?

796ರ ಜುಲೈನಲ್ಲಿ ಆಫಾ ತೀರಿಕೊಂಡ. ಮಗ ಆಳಿದ್ದು 141 ದಿನ. ಕಾಯಿಲೆಯೋ ಏನೋ, ಡಿಸೆಂಬರ್‌ನಲ್ಲಿ ಅವನೂ ಹೋದ. ಹತ್ತಿರದ ದಾಯಾದಿ ಅಂತ ಯಾರೂ ಉಳಿದಿರಲಿಲ್ಲ. ದೂರದ ನಂಟಿನ ಕೋನ್‌ವುಲ್ಫ್ ಬಂದು ಕೂತ. 803ರಲ್ಲಿ ಲಿಚ್‌ಫೀಲ್ಡ್‌ನ ಪದವಿಯೂ ರದ್ದಾಯಿತು.

ಆಲ್ಕ್ವಿನ್ ಎಂಬ ಪಂಡಿತ ಶಾರ್ಲಮೇನ್‌ನ ಜೊತೆಗಿದ್ದ. ಆಫಾ ಬದುಕಿದ್ದಾಗ, ನೀನೇ ಬ್ರಿಟನ್ನಿನ ಕೀರ್ತಿ, ಶತ್ರುಗಳ ಎದುರು ಕತ್ತಿ, ಗುರಾಣಿ ಅಂತ ಅವನಿಗೇ ಕಾಗದ ಬರೆದಿದ್ದ. ಮಗನೂ ಸತ್ತ ಮೇಲೆ ಮರ್ಸಿಯಾದ ಒಬ್ಬ ದೊಡ್ಡ ಮನುಷ್ಯನಿಗೆ ಅದೇ ಆಲ್ಕ್ವಿನ್ ಬರೆದ ಕಾಗದವೂ ಇದೆ. ಮಗನಿಗೆ ರಾಜ್ಯ ಗಟ್ಟಿ ಮಾಡೋಕೆ ಅಪ್ಪ ಎಷ್ಟು ರಕ್ತ ಹರಿಸಿದ ನಿಮಗೇ ಗೊತ್ತು, ಅದು ಗಟ್ಟಿ ಮಾಡಿದ್ದಲ್ಲ, ಹಾಳು ಮಾಡಿದ್ದು ಅಂತ. ಎರಡೂ ಕಾಗದ ಪಕ್ಕಪಕ್ಕದಲ್ಲಿಟ್ಟು ಓದಿ ನಾನು ನಕ್ಕೆ. ಆದರೆ ಎರಡನೆಯದು ಸುಳ್ಳು ಅನ್ನೋಕೆ ಆಗಲ್ಲ. ವೋಚರ್ ನಂಬುವವನು ತನಗೆ ಬೇಡವಾದ ವೋಚರನ್ನೂ ನಂಬಲೇಬೇಕು.

ಏರಿ ಬಗ್ಗೆ ಒಂದು ಮಾತು ಬಿಟ್ಟೆ. ಚರ್ಕ್ ಹತ್ತಿರ ಅಗೆದು ಪರೀಕ್ಷೆ ಮಾಡಿದಾಗ ಕೆಲವು ಭಾಗ ಆಫಾಗಿಂತ ಹಳೆಯದು ಅಂತ ಸುಳಿವು ಸಿಕ್ಕಿದೆ. ಅಂದರೆ ಹಿಂದಿನವರು ಹಾಕಿದ್ದನ್ನು ಇವನು ಸೇರಿಸಿ, ಎತ್ತರಿಸಿ, ತನ್ನ ಹೆಸರು ಹಚ್ಚಿಕೊಂಡಿರಬಹುದು. ಖಲೀಫನ ದಿನಾರಿಗೆ ಮಾಡಿದ ಹಾಗೇ! ಇದನ್ನು ನಮ್ಮನೆಯವಳಿಗೆ ಹೇಳಿದೆ. "ಮಣ್ಣು ಹೊತ್ತವರ ಹೆಸರು ಎಲ್ಲಾದ್ರೂ ಇದೆಯಾ?" ಅಂತ ಕೇಳಿದಳು. ಇಲ್ಲ. ಪ್ರತಿ ಊರಿಗೂ ಇಂತಿಷ್ಟು ಉದ್ದ ಅಂತ ಹಂಚಿರಬೇಕು ಅನ್ನೋ ಊಹೆ ಮಾತ್ರ ಇದೆ.

ಆಫಾನ ಸಮಾಧಿ ಸಿಕ್ಕಿಲ್ಲ. ಬೆಡ್‌ಫರ್ಡ್‌ನಲ್ಲಿ ಊಸ್ ನದಿ ದಡದ ಒಂದು ಸಣ್ಣ ಚರ್ಚಿನಲ್ಲಿ ಇಟ್ಟಿದ್ದರು, ಹೊಳೆ ಕೊರೆದು ಕೊರೆದು ಚರ್ಚನ್ನೇ ನುಂಗಿತು ಅಂತ ಸೇಂಟ್ ಆಲ್ಬನ್ಸ್ ಮಠದ ಸನ್ಯಾಸಿಗಳು 13ನೇ ಶತಮಾನದಲ್ಲಿ ಬರೆದಿಟ್ಟಿದ್ದಾರೆ. ಬೇಸಿಗೆಯಲ್ಲಿ ಈಜೋಕೆ ಇಳಿದವರಿಗೆ ನೀರಿನ ತಳದಲ್ಲಿ ಅದು ಕಾಣಿಸುತ್ತದಂತೆ. ಹುಡುಕಿಕೊಂಡು ಹೋದವರಿಗೆ ಸಿಗುವುದಿಲ್ಲವಂತೆ.