ನುಸಿ ಕಂಡೊಡನೆ ಎಣ್ಣೆ (ಬೆಳೆಗೆ ಸಿಂಪಡಿಸುವ ಔಷಧಿ) ಹೊಡೆಯಬೇಕೆ?

ಪರ

ಸಿರುಗುಪ್ಪದ ಮೆಣಸಿನಕಾಯಿ ಹೊಲದಲ್ಲಿ ಚಿಗುರೆಲೆ ಕೆಳಮುಖವಾಗಿ ಮುದುಡಿ, ತೊಟ್ಟು ನೀಳವಾಗಿ, ಹೂವು ಉದುರತೊಡಗಿತೆಂದರೆ ಹಳದಿ ನುಸಿ ಆಗಲೇ ಎಲೆಯಡಿ ಬೀಡುಬಿಟ್ಟಿರುತ್ತದೆ. ಬಿಸಿ ಹವೆಯಲ್ಲಿ ಒಂದು ವಾರದೊಳಗೇ ಪೀಳಿಗೆ ಮುಗಿಸುವ ಜೀವಿಯ ಮುಂದೆ, ಬೀಜ, ಗೊಬ್ಬರ, ಆಳಿನ ಕೂಲಿಗೆಂದು ಸಾಲ ಮಾಡಿದವನಿಗೆ ‘ಇನ್ನಷ್ಟು ದಿನ ಕಾದು ನೋಡು’ ಎನ್ನುವುದು ಸುಲಭ, ಕಾಯುವುದು ಸುಲಭವಲ್ಲ.

ರಾಯಚೂರಿನ ತೊಗರಿಯ ಗೊಡ್ಡು ರೋಗ ಇನ್ನೂ ಕಠಿಣವಾದದ್ದು. ಸುಮಾರು 0.2 ಮಿ.ಮೀ. ಉದ್ದದ ನುಸಿ ಗಾಳಿಯಲ್ಲಿ ತೇಲಿ ಬಂದು ನಂಜಾಣುವನ್ನು (ವೈರಸ್) ಅಂಟಿಸುತ್ತದೆ. ಎಳೆತನದಲ್ಲೇ ರೋಗ ತಗುಲಿದ ಗಿಡ ಹಸಿರು ಪೊದೆಯಾಗಿ ನಿಲ್ಲುತ್ತದೆಯೇ ಹೊರತು ಹೂ ಬಿಡುವುದಿಲ್ಲ. 1998ರಲ್ಲಿ ಕೇರಳದ ತೆಂಗಿನಲ್ಲಿ ಕಾಣಿಸಿಕೊಂಡ ನುಸಿ ಕೆಲವೇ ವರ್ಷಗಳಲ್ಲಿ ಕರ್ನಾಟಕದ ತೋಟಗಳನ್ನೂ ಹೊಕ್ಕಿತು. ಆದ್ದರಿಂದ ಆರಂಭದಲ್ಲೇ ನುಸಿನಾಶಕ ಸಿಂಪಡಿಸುವುದು ಅವಸರವೆನಿಸಿದರೂ ತಪ್ಪಲ್ಲ.

ವಿರೋಧ

ವಾದದಲ್ಲಿರುವ ‘ನುಸಿನಾಶಕ’ ಎಂಬ ಪದ ಹೊಲಕ್ಕೆ ಬರುವಷ್ಟರಲ್ಲಿ ‘ಎಣ್ಣೆ’ ಆಗಿಬಿಡುತ್ತದೆ. ಅಂಗಡಿಯವರು ಕೊಟ್ಟ ಯಾವ ಡಬ್ಬಿಯಾದರೂ ಸರಿ. ತೊಡಕು ಇಲ್ಲೇ ಇದೆ. ನುಸಿ ಕೀಟವಲ್ಲ, ಎಂಟು ಕಾಲಿನ ಜೇಡದ ಬಳಗದ್ದು. ಕೀಟಗಳಿಗೆಂದು ತಯಾರಾದ ಸಿಂಥೆಟಿಕ್ ಪೈರಿಥ್ರಾಯ್ಡ್‌ಗಳನ್ನು ಪದೇ ಪದೇ ಹೊಡೆದಾಗ, ಎಲೆಯ ರಸ ಹೀರುವ ಜೇಡ ನುಸಿ ಬಹುಪಾಲು ಉಳಿದುಕೊಳ್ಳುತ್ತದೆ. ಅದನ್ನು ತಿಂದು ಹತೋಟಿಯಲ್ಲಿಡುತ್ತಿದ್ದ ಗುಲಗಂಜಿ ಹುಳುಗಳೂ ಪರಭಕ್ಷಕ ನುಸಿಗಳೂ ಸಾಯುತ್ತವೆ. ಮುಂದಿನ ಸಲ ನುಸಿ ಮೊದಲಿಗಿಂತ ಹೆಚ್ಚಾದಾಗ ರೈತ ಇನ್ನೊಂದು ಡಬ್ಬಿ ಕೊಳ್ಳುತ್ತಾನೆ. ಈ ವ್ಯಾಪಾರದಲ್ಲಿ ನಷ್ಟವಾಗದವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಹೆಸರಿಸಲಾದ ಸುಮಾರು 50,000 ನುಸಿ ಪ್ರಭೇದಗಳಲ್ಲಿ ಬೆಳೆಗೆ ಕಂಟಕವಾದವು ಕೆಲವೇ. ಯುರೋಪಿನ ಗಾಜಿನ ಮನೆಗಳಲ್ಲಿ ಜೇಡ ನುಸಿಯ ಮೇಲೆ ಪರಭಕ್ಷಕ ನುಸಿಯನ್ನೇ ಬಿಡುವ ಪದ್ಧತಿ 1960ರ ದಶಕದಿಂದ ನಡೆದುಬಂದಿದೆ. ನಮ್ಮ ಎರೆಭೂಮಿಯೊಳಗಿನ ನುಸಿಗಳಾದರೋ ಉದುರಿದ ಎಲೆಯನ್ನು ಚೂರು ಮಾಡಿ, ಶಿಲೀಂಧ್ರಗಳನ್ನು ಮೇಯ್ದು, ಕಸದಲ್ಲಿ ಸಿಕ್ಕಿಬಿದ್ದ ಸಾರವನ್ನು ಬೇರಿಗೆ ಒದಗುವಂತೆ ಮಾಡುತ್ತವೆ. ಕೊಟ್ಟಿಗೆ ಗೊಬ್ಬರಕ್ಕೆ ಹಣ ಸುರಿಯುವವರು ಈ ಕೂಲಿಯಿಲ್ಲದ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗೊಡ್ಡು ರೋಗದ ಭಯ ಸುಳ್ಳಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ರೋಗ ಹಿಡಿದ ಗಿಡಕ್ಕೆ ಯಾವ ಎಣ್ಣೆಯೂ ಹೂ ಬಿಡಿಸದು. ‘ಆಶಾ’ ಎಂದೇ ಹೆಸರಾದ ಐಸಿಪಿಎಲ್ 87119ರಂತಹ ರೋಗನಿರೋಧಕ ತಳಿಯನ್ನು ಬಿತ್ತುವುದು, ಬದುವಿನಲ್ಲಿ ಉಳಿದ ಹಳೆಯ ತೊಗರಿ ಗಿಡಗಳನ್ನು ಬಿತ್ತನೆಗೆ ಮೊದಲೇ ಕಿತ್ತುಹಾಕುವುದು, ಹೊಲದಲ್ಲಿ ಗೊಡ್ಡಾದ ಗಿಡ ಕಂಡೊಡನೆ ತೆಗೆದು ಸುಡುವುದು: ಇವಿಷ್ಟಕ್ಕೆ ಖರ್ಚು ಕಡಿಮೆ. ಮೆಣಸಿನಕಾಯಿಯಲ್ಲಿ ಎಲೆ ಮೇಲ್ಮುಖವಾಗಿ ಮುದುಡಿದ್ದರೆ ಅದು ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟದ ಗುರುತು, ನುಸಿಯದ್ದಲ್ಲ. ಎಲೆ ತಿರುವಿ ನೋಡದೆ ಪಂಪಿಗೆ ಕೈ ಹಾಕಿದವನು ಯಾವುದಕ್ಕೆ ಹೊಡೆಯುತ್ತಿದ್ದಾನೆಂಬುದು ಅವನಿಗೇ ತಿಳಿದಿರುವುದಿಲ್ಲ.