ಅದೇ ಗೇಟಿಗೆ ಮತ್ತೆ ಹೋಗಲು ಆಗಬೇಕು

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಕಳೆದ ವಾರ ಕೇಳಿದ, "ಸರ್, ನಂಗೆ ಮಾತು ಕಮ್ಮಿ. ಸೇಲ್ಸ್‌ನಲ್ಲಿ ನಾನು ಉಳೀತೀನಾ?" ಅಲ್ಲೇ ಒಂದೆರಡು ಧೈರ್ಯದ ಮಾತು ಹೇಳಿದೆ. ಆದರೆ ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದೇ ಕೆಲಸದಲ್ಲಿದ್ದೇನೆ, ಸರಿಯಾದ ಉತ್ತರ ಕೊಡಬೇಕಿತ್ತು ಅನ್ನಿಸಿತು.

ಸೇಲ್ಸ್‌ನವನು ಅರಳು ಹುರಿದಂತೆ ಮಾತಾಡಬೇಕು ಅನ್ನುವುದು ಎಲ್ಲರೂ ನಂಬಿಕೊಂಡು ಬಂದಿರುವ ಮಾತು. ಮನಶ್ಶಾಸ್ತ್ರಜ್ಞ ಆಡಂ ಗ್ರಾಂಟ್ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಫೋನಿನಲ್ಲಿ ಮಾರಾಟ ಮಾಡುವ 340 ಜನರ ಸ್ವಭಾವ ಮತ್ತು ಅವರು ತಂದ ವ್ಯಾಪಾರ ಎರಡನ್ನೂ ಹೋಲಿಸಿ ನೋಡಿದ್ದರು. ಜಾಸ್ತಿ ವ್ಯಾಪಾರ ತಂದವರು ಎಲ್ಲರೊಡನೆ ಬೆರೆತು ಮಾತಾಡುವವರೂ ಅಲ್ಲ, ತಮ್ಮ ಪಾಡಿಗೆ ತಾವಿರುವವರೂ ಅಲ್ಲ, ನಡುವಿನವರು. ನಾನು ಕಂಡಿದ್ದೂ ಇದನ್ನೇ. ಮಾತಿನ ಮಲ್ಲರು ಮೊದಲ ವರ್ಷ ಮಿಂಚುತ್ತಾರೆ. ಐದು ವರ್ಷ ಕಳೆಯುವಷ್ಟರಲ್ಲಿ ಅವರಲ್ಲಿ ಎಷ್ಟೋ ಜನ ಏರಿಯಾ ಬದಲಿಸಿರುತ್ತಾರೆ, ಕಂಪನಿ ಬದಲಿಸಿರುತ್ತಾರೆ. ಹಳೇ ಗ್ರಾಹಕರ ಮುಂದೆ ಮತ್ತೆ ಹೋಗಿ ನಿಲ್ಲಲು ಅವರಿಗೆ ಮುಖವಿರುವುದಿಲ್ಲ.

ನನಗೆ ಇದನ್ನು ಕಲಿಸಿದವರು ನನ್ನ ಮೊದಲ ಸೀನಿಯರ್. ನಾವು ಕಾರ್ಖಾನೆಗಳಿಗೆ ಏರ್ ಕಂಪ್ರೆಸರ್ ಮಾರುತ್ತಿದ್ದೆವು, ಅಂದರೆ ಗಾಳಿಯನ್ನು ಒತ್ತಿ ಪೈಪಿನ ಮೂಲಕ ಬೇರೆ ಮಷೀನುಗಳಿಗೆ ಕಳಿಸುವ ಯಂತ್ರ. ಒಂದು ಕಡೆಯಿಂದ ಫೋನ್ ಬಂತು. ಗಾಳಿ ಸಾಲುತ್ತಿಲ್ಲ, ಈಗ ಇರುವುದಕ್ಕಿಂತ ದೊಡ್ಡ ಮಷೀನ್ ಬೇಕು, ಕೊಟೇಷನ್ ಕೊಡಿ ಅಂದರು. ಅವತ್ತು ತಿಂಗಳ ಕೊನೆ ಬೇರೆ. ಟಾರ್ಗೆಟ್ ಮುಟ್ಟಲು ನಮಗೆ ಅದೊಂದು ಆರ್ಡರ್ ಸಾಕಿತ್ತು.

ನಾವು ಹೋದಾಗ ಊಟದ ಬಿಡುವು. ಮಷೀನುಗಳೆಲ್ಲ ನಿಂತಿದ್ದವು. ಆದರೂ ಕಂಪ್ರೆಸರ್ ಮಾತ್ರ ಪದೇ ಪದೇ ಲೋಡ್ ತಗೊಂಡು ಗಾಳಿ ತುಂಬುತ್ತಿತ್ತು. ಸೀನಿಯರ್ ಮಾತು ನಿಲ್ಲಿಸಿ ಸ್ವಲ್ಪ ಹೊತ್ತು ಅದನ್ನೇ ಕೇಳಿಸಿಕೊಂಡರು. ಗಾಳಿ ಬಳಸುವವರೇ ಇಲ್ಲದಾಗ ಅದು ಯಾಕೆ ಓಡಬೇಕು, ಅಲ್ವಾ? ಕೈ ತೊಳೆಯುವ ಜಾಗದಿಂದ ಒಂದು ಮಗ್ಗಿನಲ್ಲಿ ಸೋಪು ನೀರು ತರಿಸಿದರು. ಪೈಪ್‌ಲೈನ್ ಉದ್ದಕ್ಕೂ ನಡೆಯುತ್ತಾ ಒಂದೊಂದು ಜಾಯಿಂಟಿಗೂ ಬಟ್ಟೆಯಿಂದ ಆ ನೀರು ಹಚ್ಚಿದರು. ಮೂರನೇ ಜಾಯಿಂಟಿನಲ್ಲಿ ಗುಳ್ಳೆ ಎದ್ದಿತು. ಐದನೆಯದರಲ್ಲಿ ನೊರೆಯೇ ಉಕ್ಕಿತು. ಪೈಪ್‌ಲೈನ್ ನೋಡಿಕೊಳ್ಳದ ಕಡೆ ಕಂಪ್ರೆಸರಿನ ಗಾಳಿಯಲ್ಲಿ ಶೇಕಡಾ 20ರಿಂದ 30ರಷ್ಟು ಸುಮ್ನೆ ಸೋರಿಹೋಗುವುದುಂಟು. ಅಲ್ಲೂ ಅದೇ ಆಗಿತ್ತು.

"ಸರ್, ಈಗ ನಮ್ಮ ಮಷೀನ್ ಬೇಡ. ಮೊದಲು ಈ ಲೀಕ್‌ಗಳನ್ನ ಸರಿ ಮಾಡಿಸಿ. ಆಮೇಲೂ ಪ್ರೆಶರ್ ಸಾಲದಿದ್ರೆ ಫೋನ್ ಮಾಡಿ, ಬರ್ತೀನಿ" ಅಂದರು.

ಹೊರಗೆ ಬಂದ ಮೇಲೆ ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು. "ದೊಡ್ಡ ಮಷೀನ್ ಮಾರಬಹುದಿತ್ತಪ್ಪಾ. ಇನ್ನಾರು ತಿಂಗಳಿಗೆ ಬೇರೆ ಯಾರಾದ್ರೂ ಬಂದು ಅವರಿಗೆ ಸೋಪು ನೀರು ಹಚ್ಚಿ ತೋರಿಸ್ತಿದ್ರು. ಆಮೇಲೆ ನಾನು ಈ ಗೇಟಿಗೆ ಬರೋಕಾಗ್ತಿತ್ತಾ?"

ಆ ತಿಂಗಳು ನಮ್ಮ ಟಾರ್ಗೆಟ್ ತಪ್ಪಿತು. ಮೀಟಿಂಗಿನಲ್ಲಿ ಬೈಸಿಕೊಂಡೆವು. ಮೂರು ವರ್ಷ ಬಿಟ್ಟು ಅದೇ ಕಾರ್ಖಾನೆಯವರು ಹೊಸ ಘಟಕ ಕಟ್ಟಿದಾಗ ಮೊದಲ ಫೋನ್ ನಮ್ಮ ಸೀನಿಯರಿಗೆ ಬಂತು. ಯಾವ ಮಷೀನ್ ಬೇಕು ಅಂತ ಅವರು ಹೇಳಲಿಲ್ಲ. ಬಂದು ನೋಡಿ, ಏನು ಹಾಕಬೇಕು ನೀವೇ ಹೇಳಿ ಅಂದರು.

ಅಮೆರಿಕದ ಜೋ ಜಿರಾರ್ಡ್ ಹೆಸರು ನಮ್ಮ ಲೈನಿನಲ್ಲಿ ಬಹಳ ಜನ ಕೇಳಿರುತ್ತೀರಿ. 1963ರಿಂದ 1978ರವರೆಗೆ 13,001 ಕಾರು ಮಾರಿದವರು. ಟ್ರೇನಿಂಗಿನಲ್ಲಿ ಈ ಸಂಖ್ಯೆಯನ್ನು ಹೇಳಿ ಹುರುಪು ತುಂಬುತ್ತಾರೆ. ತಮ್ಮ ಗ್ರಾಹಕರಿಗೆ ಅವರು ತಿಂಗಳು ತಿಂಗಳೂ ಕಾರ್ಡ್ ಕಳಿಸುತ್ತಿದ್ದರು ಅನ್ನುವುದು ನನಗೆ ಅದಕ್ಕಿಂತ ದೊಡ್ಡದು. ಕಾರು ತಗೊಂಡು ಹೋದವರನ್ನೂ ಅವರು ಕೈಬಿಡಲಿಲ್ಲ.

ಕಾರ್ಡ್ ಕಳಿಸುವುದಾದರೂ ಸುಲಭ. ಕಷ್ಟ ಇರುವುದು ಮಷೀನ್ ಕೆಟ್ಟಾಗ ಬರುವ ಫೋನ್ ಎತ್ತುವುದರಲ್ಲಿ. ಪ್ರೊಡಕ್ಷನ್ ನಿಂತಿರುತ್ತದೆ, ಆ ಕಡೆಯವರು ಬೆಂಕಿಯಾಗಿರುತ್ತಾರೆ. ಸರ್ವಿಸ್‌ನವರ ನಂಬರ್ ಕೊಟ್ಟು ಕೈತೊಳೆದುಕೊಳ್ಳಬಹುದು. ನಾನೂ ಒಂದು ಸಲ ಹಾಗೆ ಮಾಡಿದ್ದೇನೆ. ಫೋನ್ ರಿಂಗ್ ಆಗುವುದನ್ನು ನೋಡುತ್ತಾ ಕೂತಿದ್ದೆ. ಮಾರನೇ ದಿನ ನಾನೇ ಮಾಡಿದಾಗ ಅವರು ಬೈಯಲಿಲ್ಲ. "ಪರವಾಗಿಲ್ಲ ಬಿಡಿ, ಬೇರೆಯವರು ಬಂದು ನೋಡಿದ್ರು" ಅಂದರು. ಆ ಗೇಟು ನನಗೆ ಮತ್ತೆ ತೆರೆಯಲಿಲ್ಲ. ಬೈಯುವ ಗ್ರಾಹಕ ಇನ್ನೂ ನಮ್ಮವನು ಅನ್ನುವುದು ಆವತ್ತು ಗೊತ್ತಾಯಿತು.

ಇದರಲ್ಲಿ ತಪ್ಪೆಲ್ಲ ಹುಡುಗರದ್ದು ಅಂತ ನಾನು ಒಪ್ಪುವುದಿಲ್ಲ. ನಾವು ಅವರಿಗೆ ದುಡ್ಡು ಕೊಡುವುದು ಯಾವುದಕ್ಕೆ? ಈ ತಿಂಗಳು ಎಷ್ಟು ಮಾರಿದೆ ಅನ್ನುವುದಕ್ಕೆ ತಾನೇ? ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಟಾರ್ಗೆಟ್ ಒತ್ತಡಕ್ಕೆ ಸಿಬ್ಬಂದಿ ಗ್ರಾಹಕರಿಗೆ ಗೊತ್ತೇ ಇಲ್ಲದೆ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆ ತೆರೆದಿದ್ದು 2016ರಲ್ಲಿ ದೊಡ್ಡ ಸುದ್ದಿಯಾಯಿತು. ಸುಮಾರು 5,300 ಜನ ಕೆಲಸ ಕಳೆದುಕೊಂಡಿದ್ದರು. ಅವರೆಲ್ಲ ಹುಟ್ಟಾ ಮೋಸಗಾರರು ಅಂತ ನನಗೆ ಅನ್ನಿಸುವುದಿಲ್ಲ. ಸಂಜೆಯೊಳಗೆ ಇಷ್ಟು ಆಗಲೇಬೇಕು ಅಂತ ದಿನಾ ಕುತ್ತಿಗೆ ಮೇಲೆ ಕೂತರೆ ಒಳ್ಳೆಯವರ ಕೈಯೂ ಜಾರುತ್ತದೆ.

ಅದಕ್ಕೇ ನಮ್ಮ ಟೀಮಿನಲ್ಲಿ ಇನ್ಸೆಂಟಿವ್‌ನ ಒಂದು ಭಾಗವನ್ನು ಒಂದು ವರ್ಷ ತಡೆದು ಕೊಡುತ್ತೇವೆ. ಆ ಗ್ರಾಹಕರು ಇನ್ನೂ ನಮ್ಮ ಜೊತೆ ಇದ್ದರೆ ಮಾತ್ರ ಅದು ಸಿಗುತ್ತದೆ. ಶುರುವಿನಲ್ಲಿ ಎಲ್ಲರಿಗೂ ಕೋಪ ಬಂತು. ಇಬ್ಬರು ಕೆಲಸ ಬಿಟ್ಟೂ ಹೋದರು. ನನಗೆ ಬೇಜಾರಾಯಿತು, ಆದರೂ ಬದಲಿಸಲಿಲ್ಲ.

ಮಾತು ಕಮ್ಮಿ ಅಂದಿದ್ದ ಆ ಹುಡುಗ ಇವತ್ತು ಬೆಳಿಗ್ಗೆ ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂತು ಫೋನ್ ಮಾಡುತ್ತಿದ್ದ. ಹದಿನೈದು ದಿನದ ಹಿಂದೆ ಮಷೀನ್ ಹಾಕಿಸಿಕೊಂಡವರಿಗೆ. "ಸರ್, ಪ್ರೆಶರ್ ಗೇಜ್ ಎಷ್ಟು ತೋರಿಸ್ತಿದೆ? ಊಟದ ಹೊತ್ತಲ್ಲಿ ಮಷೀನ್‌ಗಳೆಲ್ಲ ನಿಂತಾಗ ಒಂದ್ಸಲ ನೋಡಿ ಹೇಳ್ತೀರಾ?" ಅಂತ ಕೇಳಿ ಸುಮ್ಮನಾದ. ಆ ಕಡೆಯವರು ಬಹಳ ಹೊತ್ತು ಮಾತಾಡಿದರು. ಅವನು ಬರೆದುಕೊಳ್ಳುತ್ತಿದ್ದ.