ಸೊಕ್ಕಲ್ಲ ಮಾರಾಯ್ರೆ, ಕಿವಿ ಕೇಳಿಸ್ತಿಲ್ಲ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಒಳರಸ್ತೆಗಳಲ್ಲಿ ನಡುದಾರಿಗೇ ಮಲಗಿದ ಮುದಿ ನಾಯಿಗಳನ್ನು ನೋಡಿರುತ್ತೀರಿ. ಹಾರ್ನ್ ಹಾಕಿದರೂ ಏಳುವುದಿಲ್ಲ. "ಎಂಥಾ ಸೊಕ್ಕು ಇದಕ್ಕೆ!" ಅಂತ ಬೈದುಕೊಂಡು ಸುತ್ತು ಹಾಕಿ ಹೋಗುತ್ತೇವೆ. ಮನೆಯ ನಾಯಿ ಕರೆದಾಗ ಬರದಿದ್ದರೂ ಇದೇ ಮಾತು. ಉದಾಸೀನ, ತಿಂದು ಕೊಬ್ಬಿದೆ, ಇತ್ಯಾದಿ. ಅಜ್ಜನಿಗೆ ಕಿವಿ ಮಂದವಾದರೆ ಎಲ್ಲರಿಗೂ ಅರ್ಥ ಆಗುತ್ತದೆ. ನಾಯಿಗೂ ಹಾಗಾಗಬಹುದು ಅಂತ ಯಾಕೋ ಹೊಳೆಯುವುದೇ ಇಲ್ಲ.

ಚಿಕ್ಕಮ್ಮನ ಮನೆಯ ನಾಯಿ ಬೊಗ್ಗ ಮೊದಲು ಚಿಕ್ಕಪ್ಪನ ಸ್ಕೂಟರ್ ತಿರುವಿನಲ್ಲಿ ಇರುವಾಗಲೇ ಗೇಟಿಗೆ ಓಡುತ್ತಿದ್ದ. ಈಗ ಹೆಡ್‌ಲೈಟ್ ಗೋಡೆಗೆ ಬಿದ್ದ ಮೇಲೇ ತಲೆ ಎತ್ತುವುದು. ಪಕ್ಕದಲ್ಲೇ ಕುಕ್ಕರ್ ಸೀಟಿ ಹೊಡೆದರೂ ಕಿವಿ ಅಲುಗುವುದಿಲ್ಲ. ಬೂತಾಯಿ ಮೀನು ಹುರಿದ ವಾಸನೆ ಬಂದರೆ ಮಾತ್ರ ಅಂಗಳದ ಆಚೆ ಮೂಲೆಯಿಂದ ಎದ್ದು ಬರುತ್ತಾನೆ. "ಬೇಕಾದ್ದಕ್ಕೆಲ್ಲ ಸರಿಯಾಗಿ ಬರ್ತದೆ ನೋಡು" ಅಂತ ಚಿಕ್ಕಮ್ಮನ ದೂರು. ಅವನು ಬರುವುದು ಮೂಗಿನಿಂದ ಅಲ್ವಾ!

ವಯಸ್ಸಾದ ನಾಯಿಗಳ ಕಿವಿ ಒಮ್ಮೆಲೇ ಹೋಗುವುದಿಲ್ಲ. ಸಾಮಾನ್ಯವಾಗಿ ಮೊದಲು ಕೈಕೊಡುವುದು ಮಧ್ಯಮ ಮತ್ತು ಎತ್ತರದ ಸ್ವರಗಳು. ಹಾಗಾಗಿ ಬಾಗಿಲು ದಡಾರ್ ಅಂದರೆ ತಿರುಗುವ ನಾಯಿ ತೆಳು ದನಿಯಲ್ಲಿ ಕರೆದರೆ ಸುಮ್ನೆ ಬಿದ್ದಿರುತ್ತದೆ. ನಮಗೆ ಅದು ನಾಟಕದಂತೆ ಕಾಣುತ್ತದೆ. ಪರೀಕ್ಷೆ ಮಾಡುವುದಾದರೆ ಎದುರು ನಿಂತು ಚಪ್ಪಾಳೆ ತಟ್ಟಬೇಡಿ, ಅದು ನಿಮ್ಮ ಕೈ ನೋಡುತ್ತದೆ. ನೆಲಕ್ಕೆ ಕಾಲು ಬಡಿಯಲೂಬೇಡಿ, ಅದುರು ಗೊತ್ತಾಗುತ್ತದೆ. ನಿದ್ದೆಯಲ್ಲಿರುವಾಗ ಹಿಂದಿನಿಂದ, ಸ್ವಲ್ಪ ದೂರದಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿಸಿ ಕಿವಿ ನೋಡಿ.

ಎಲ್ಲ ಕಿವುಡೂ ವಯಸ್ಸಿನದ್ದಲ್ಲ. ನಾಯಿಯ ಕಿವಿಯ ದಾರಿ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಬಾಗಿದೆ. ಒಳಗೆ ಹೋದ ನೀರು, ಕೊಳೆ ಸುಲಭವಾಗಿ ಹೊರಗೆ ಬರುವುದಿಲ್ಲ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಕೇಳಬೇಕೇ! ತಲೆ ಕೊಡವುವುದು, ಕಿವಿ ಕೆರೆಯುವುದು, ಹತ್ತಿರ ಹೋದರೆ ನಾತ. ಇಂಥ ಸೋಂಕಿನಿಂದ ಕೇಳಿಸದಿದ್ದರೆ ಚಿಕಿತ್ಸೆಯಿಂದ ಸರಿಯಾಗಲೂಬಹುದು. ಆದರೆ ನಾವು ಮೊದಲು ಮಾಡುವುದೇನು? ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು. ಇಲ್ಲವೇ ಮೆಡಿಕಲಿನಿಂದ ಯಾವುದೋ ಡ್ರಾಪ್ಸ್ ತಂದು ಸುರಿಯುವುದು. ಕಿವಿಯ ತಮಟೆ ಹರಿದಿದ್ದರೆ ಜೆಂಟಾಮೈಸಿನ್‌ನಂಥ ಔಷಧಿ ಒಳಗಿವಿಗೆ ಇಳಿದು ಇದ್ದ ಕೇಳ್ಮೆಯನ್ನೂ ತೆಗೆಯಬಹುದು. ಡಾಕ್ಟರು ಒಳಗೆ ಲೈಟ್ ಬಿಟ್ಟು ನೋಡದೆ ಏನನ್ನೂ ಹಾಕಬೇಡಿ.

ಬಿಳಿ ನಾಯಿಗಳದ್ದು ಬೇರೆಯೇ ಕತೆ. ಕೆಲವು ತಳಿಗಳಲ್ಲಿ ಬಿಳಿ ಬಣ್ಣದ ಜೊತೆಗೇ ಹುಟ್ಟು ಕಿವುಡು ಬರುತ್ತದೆ. ಬಣ್ಣ ಕೊಡುವ ಜೀವಕೋಶಗಳು ಒಳಗಿವಿಯಲ್ಲಿ ಇಲ್ಲದಿದ್ದರೆ, ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಕೇಳಿಸುವ ಸೂಕ್ಷ್ಮ ಕೋಶಗಳು ಸಾಯುತ್ತವೆ. ಅಮೆರಿಕದಲ್ಲಿ ಪರೀಕ್ಷಿಸಿದ ಡಾಲ್ಮೇಷನ್‌ಗಳಲ್ಲಿ ಸುಮಾರು ಶೇ. 30ಕ್ಕೆ ಒಂದು ಅಥವಾ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಒಂದೇ ಕಿವಿ ಹೋಗಿದ್ದರೆ ಮನೆಯಲ್ಲಿ ಗೊತ್ತೂ ಆಗುವುದಿಲ್ಲ, ಅದಕ್ಕೆ ಸದ್ದಿಗೆ ಮೆದುಳು ಸ್ಪಂದಿಸುತ್ತದೋ ಅಂತ ಒಂದೊಂದೇ ಕಿವಿಗೆ ನೋಡುವ ಬೇರ್ (BAER) ಎಂಬ ಪರೀಕ್ಷೆಯೇ ಬೇಕು. ಸಾವಿರಗಟ್ಟಲೆ ದುಡ್ಡು ತೆಗೆದುಕೊಂಡು ಮರಿ ಮಾರುವವರು ಈ ವಿಷಯ ಹೇಳುವುದನ್ನು ನಾನಂತೂ ಕೇಳಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು "ಕಿವುಡು ನಾಯಿ ಕಚ್ಚುತ್ತದೆ" ಅಂತ ಜೀಪಿಗೆ ಹಾಕಿ ಯಾವುದೋ ಪೇಟೆಯಲ್ಲಿ ಬಿಟ್ಟು ಬರುವವರ ಮೇಲೆ. ಮಲಗಿದ್ದಾಗ ತಟ್ಟನೆ ಮೈಮುಟ್ಟಿದರೆ ಹೆದರಿ ಬಾಯಿ ಹಾಕೀತು, ಹೌದು. ಎದುರಿನಿಂದ ಹೋಗಿ, ಮೂಗಿನ ಹತ್ತಿರ ಕೈ ಹಿಡಿಯಿರಿ, ವಾಸನೆಗೆ ಏಳುತ್ತದೆ. ಮಕ್ಕಳಿಗೂ ಇದನ್ನೇ ಕಲಿಸಿ. ಸಾಕಿದ ಪ್ರಾಣಿಯನ್ನು ಉಪವಾಸ ಬೀಳುವ ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಕೂಡ. ಅಡಿಕೆ ತೋಟ ಕಾಯಲು ಆಗುವುದಿಲ್ಲ ಅನ್ನುತ್ತೀರಾ? ಅಷ್ಟು ವರ್ಷ ಹಂದಿ, ಮಂಗ ಓಡಿಸಿದ್ದಕ್ಕೆ ಒಂದು ಪಿಂಚಣಿ ಬೇಡವಾ?

ಕೈಸನ್ನೆ ಕಲಿಸುವುದು ಕಷ್ಟವೇ ಅಲ್ಲ. ಕನ್ನಡ, ತುಳು, ಮಲಯಾಳ ಎಲ್ಲವನ್ನೂ ಒಂದೇ ಅಂಗಳದಲ್ಲಿ ಕೇಳಿ ಬೆಳೆದ ನಮ್ಮ ನಾಯಿಗಳಿಗೆ ಇನ್ನೊಂದು ಭಾಷೆ ಏನು ಮಹಾ! ಕತ್ತಲಾದ ಮೇಲೆ ಟಾರ್ಚ್ ಮಿಣುಕಿಸಿದರೆ ಬರಬೇಕು ಅಂತ ತಿಂಡಿ ಕೊಟ್ಟು ರೂಢಿ ಮಾಡಿಸಬಹುದು. ಕೋಲ, ಉತ್ಸವದ ದಿನ ಗರ್ನಾಲು ಸಿಡಿಯುವ ಜಾಗದ ಹತ್ತಿರ ಯಾವ ನಾಯಿಯನ್ನೂ ಕಟ್ಟಬೇಡಿ, ಕಿವಿ ಚೆನ್ನಾಗಿದ್ದರೂ ಹಾಳಾದೀತು. ರಸ್ತೆಗೆ ಒಂಟಿಯಾಗಿ ಬಿಡಲೇಬೇಡಿ. ತಪ್ಪಿಸಿಕೊಂಡರೂ ಗೊತ್ತಾಗುವ ಹಾಗೆ ಬೆಲ್ಟಿನಲ್ಲಿ ಫೋನ್ ನಂಬರಿನ ಜೊತೆ "ಕಿವಿ ಕೇಳಿಸುವುದಿಲ್ಲ" ಅಂತ ಬರೆಸಿ. ಕನ್ನಡದಲ್ಲೂ, ಮಲಯಾಳದಲ್ಲೂ.